ಬೋರಲು ಹಾಕಿದ ಹರಿಗೋಲು

ಬುಟ್ಟಿಯ ಮಣ್ಣು ಸುರಿದು ತಿರುಗುವಷ್ಟರಲ್ಲಿ ಜಂಬಮ್ಮನಿಗೆ ಗುಂಡಿಯ ದಂಡೆಯಿಂದ ಮತ್ತೆ ತನ್ನ ಗಂಡನ ಹೆಸರು ಕೇಳಿಸಿತು. ಹೊಸಪೇಟೆಯ ಕಿರಾಣಿ ಅಂಗಡಿ ಕೊಟ್ರಬಸಪ್ಪ ಕೊಡೆಯ ತುದಿಯಿಂದ ಗುಂಡಿಯ ತಳ ತೋರಿಸುತ್ತಿದ್ದ.

"ಓಬಳೇಶ ಒಯ್ದದ್ದು ಒಂದ ಕೊಪ್ಪರಿಗಿ, ರಾಯರ. ಇನ್ನ ಆರು ಇಲ್ಲೇ ಅದಾವ. ಸಂಜೀತನಾ ಸುಮ್ಮನ ಕುಂದ್ರಿ."

ಅತ್ತಿ ಮರದ ನೆರಳಲ್ಲಿ ಚಾಪೆ ಹಾಸಿಕೊಂಡಿದ್ದ ಕಮಲಾಕರ ರಾಯರು ಸುಮ್ಮನೆ ಕೂರುವವರಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ಸಂಜೆ ಹೊತ್ತು ಕೊಟ್ರಬಸಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂತು ಹೊಳೆಯ ನಡುವಿನ ಈ ಗಡ್ಡೆಯ ವಿಷಯದಲ್ಲಿ ಅವನೊಡನೆ ವಾದ ಮಾಡುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಕೊನೆಗೆ ಕೊಟ್ರಬಸಪ್ಪ ಸರ್ಕಾರದ ಅಪ್ಪಣೆ ತಂದು, ಆಳುಗಳನ್ನು ಕೂಡಿಸಿ, ಕಣ್ಣಾರೆ ನೋಡಿ ಸೋಲಲಿ ಎಂದು ರಾಯರನ್ನೂ ಗಾಡಿಯಲ್ಲಿ ಕರೆತಂದಿದ್ದ.

ತಳವಾರಘಟ್ಟದ ಕಡವಿನಿಂದ ಕೂಗಳತೆಯಲ್ಲಿ, ಹೊಳೆ ಎರಡಾಗಿ ಸೀಳಿ ಹರಿಯುವ ಕಡೆ ಇತ್ತು ಆ ಗಡ್ಡೆ. ಗುಂಡುಕಲ್ಲುಗಳು, ಆಪು ಹುಲ್ಲು, ಒಂದು ಅತ್ತಿ ಮರ, ಮುರಿದ ಮಂಟಪದ ನಾಲ್ಕು ಕಂಬ. ಜನರ ಬಾಯಲ್ಲಿ ಅದು ಕೊಪ್ಪರಿಗೆ ಗಡ್ಡೆ. ಹಿಂದೆ ಅರಸರ ಪಟ್ಟಣ ಹಾಳಾದ ದಿನ ಓಡಿಹೋಗುವವರು ಏಳು ಕೊಪ್ಪರಿಗೆ ಹೊನ್ನನ್ನು ಇಲ್ಲಿ ಹೂತು, ಗುರುತಿಗೆ ಕಂಬದ ಮೇಲೆ ಹಾವು ಕೆತ್ತಿದರು ಎಂದು ಕಥೆ. ರಾಯರು ಬೆಳಿಗ್ಗೆಯೇ ಆ ಹಾವನ್ನು ನೋಡಿ ಬಂದಿದ್ದರು.

"ನಿನ್ನ ಅಂಗಡಿ ಹಿಂದಿನ ಅರಳೀಕಟ್ಟಿ ಮ್ಯಾಲೆ ಇಂಥಾ ಹಾವು ಸಾಲು ಹಿಡದು ಅದಾವಲ್ಲ, ಮೊದಲ ಅದನ್ನ ಅಗಸು," ಎಂದಾಗ ಗುಂಡಿಯೊಳಗಿನ ಆಳುಗಳೂ ನಕ್ಕಿದ್ದರು. ಮಳೆಗಾಲದಲ್ಲಿ ಇಡೀ ಗಡ್ಡೆ ಮುಳುಗುತ್ತದೆ, ಮಗ್ಗುಲಲ್ಲೇ ಇಷ್ಟು ಗುಡ್ಡ ಗವಿಗಳಿರುವಾಗ ಪ್ರಾಣಭಯದಲ್ಲಿದ್ದವರು ನೀರಿನ ನಡುವೆ ಯಾಕೆ ಬಂದು ಹೂಳುತ್ತಾರೆ ಎಂಬುದು ಅವರ ವಾದ. ಯಾರೂ ಹಾಗೆ ಎಣಿಸುವುದಿಲ್ಲ ಎಂದೇ ಹೂತರು ಎಂಬುದು ಕೊಟ್ರಬಸಪ್ಪನದು. ಎಲ್ಲ ಮಾತೂ ತಿರುಗಿ ತಿರುಗಿ ಓಬಳೇಶನ ಹತ್ತಿರ ಬಂದು ನಿಲ್ಲುತ್ತಿತ್ತು. ಗಡ್ಡೆಯಲ್ಲಿ ನಿಧಿಯಿತ್ತು ಎನ್ನುವುದಕ್ಕೆ ಅವನಿಗಿಂತ ದೊಡ್ಡ ಸಾಕ್ಷಿ ಬೇರೆ ಇರಲಿಲ್ಲ.

ಓಬಳೇಶ ಕಡವಿನಲ್ಲಿ ಹರಿಗೋಲು ಹಾಕುತ್ತಿದ್ದ. ಕೆಲವು ವರ್ಷಗಳ ಹಿಂದೆ, ಮುಂಗಾರಿನ ಬಾಯಲ್ಲಿ, ಹಾರೆ ಬುಟ್ಟಿ ತೆಗೆದುಕೊಂಡು ಯಾರಿಗೂ ತಿಳಿಯದಂತೆ ಗಡ್ಡೆಗೆ ಹೋದ. ಹೊಸನೀರು ಬರುವ ಹೊತ್ತು, ಬೇಡ ಎಂದಿದ್ದಳು ಜಂಬಮ್ಮ. ಬೆಳಗಾಗುವುದರೊಳಗೆ ಬರುತ್ತೇನೆಂದು ಹೋದವನು ಬರಲಿಲ್ಲ. ಆ ಮುಂಜಾನೆ ಕೆಂಪು ನೀರು ಬಂದು ಎರಡೂ ದಡ ಒದ್ದು ಇಳಿಯಿತು. ಹೊಳೆಗೆ ಹಾರ ಹಾಕುವುದೊಂದೇ ಬಾಕಿ ಎಂದು ಮನೆಯವರೆಲ್ಲ ಅಳುತ್ತಿದ್ದಾಗ ಆಚೆ ದಡದ ಸುದ್ದಿ ಬಂತು. ಅವನ ಹರಿಗೋಲು ಅಲ್ಲಿ ಹೊಂಗೆ ಮರದ ಬುಡದಲ್ಲಿ ಬೋರಲು ಬಿದ್ದಿತ್ತು. ಬಿದ್ದಿದ್ದಲ್ಲ, ಹಾಕಿದ್ದು. ದಡ ಮುಟ್ಟಿದ ಅಂಬಿಗ ತೊಗಲು ಒಣಗಲೆಂದು ಹೇಗೆ ಹಾಕುತ್ತಾನೋ ಹಾಗೆ, ಅಂಚಿಗೆ ಒಂದು ಕಲ್ಲು ಕೊಟ್ಟು.

ಆಚೆ ದಡ ನಿಜಾಮರ ಸೀಮೆ. ಈಚೆಯ ಸರ್ಕಾರ ನಿಧಿ ಸಿಕ್ಕರೆ ಕಿತ್ತುಕೊಳ್ಳುತ್ತದೆ, ಅಲ್ಲಿಗೆ ಈಚೆಯ ಪೊಲೀಸರ ಕೈ ಚಾಚದು. ಅಳು ನಿಂತಿತು. ಹರಿಗೋಲಿನಲ್ಲಿ ಹುಟ್ಟು ಇರಲಿಲ್ಲವಾದ್ದರಿಂದ, ಹುಟ್ಟನ್ನೇ ಹೆಗಲ ಮೇಲೆ ಅಡ್ಡೆ ಮಾಡಿಕೊಂಡು ಕೊಪ್ಪರಿಗೆ ಹೊತ್ತೊಯ್ದ ಎಂದು ಊರು ಮಾತಾಡಿತು. ಹೈದರಾಬಾದಿನಲ್ಲಿ ಅವನನ್ನು ಜರತಾರಿ ರುಮಾಲಿನಲ್ಲಿ ನೋಡಿದವರೂ ಹುಟ್ಟಿಕೊಂಡರು.

ಹೀಗೆ ಜಂಬಮ್ಮನ ಕೈಯ ಹಸಿರು ಬಳೆ ಉಳಿಯಿತು. ನಿಧಿ ಇದ್ದರೆ ಗಂಡ ಇದ್ದಾನೆ. ನಿಧಿ ಸುಳ್ಳಾದರೆ ಅವನು ಹೊಳೆಯ ಪಾಲು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಅತ್ತೆ ಪಂಪಮ್ಮ ಶ್ರಾವಣ ಬರುತ್ತಲೇ ಬಳೆಗಾರನನ್ನು ಕರೆದು ಸೊಸೆಯ ಕೈ ಹಿಡಿದು ಕೂರಿಸುತ್ತಿದ್ದಳು. ಮುದುಕಿಗೆ ಕಣ್ಣು ಮಂಜಾಗಿದ್ದರೂ ಬಳೆಯ ಸದ್ದು ಕೇಳಿಸುತ್ತಿರಬೇಕು. ಜಂಬಮ್ಮನಂತೂ ಗಂಡನನ್ನು ಬೈದೇ ದಿನ ಕಳೆದಳು. ರೊಟ್ಟಿ ಬಡಿಯುವಾಗ, ಕಟ್ಟಿಗೆ ಹೊರುವಾಗ, ಜ್ವರ ಬಂದು ಒಬ್ಬಳೇ ಮೂಲೆಯಲ್ಲಿ ಮಲಗಿದಾಗ, ಬಾರಲೇ ನೀನು ಒಂದು ದಿನ, ಎಂದು ಮನಸ್ಸಿನಲ್ಲೇ ಜಗಳ ತೆಗೆಯುತ್ತಿದ್ದಳು. ಅವನು ಏನೇನು ಉತ್ತರ ಕೊಡುತ್ತಾನೆಂಬುದೂ ಅವಳಿಗೆ ಗೊತ್ತಿತ್ತು. ಆ ಜಗಳ ಒಂದು ಜೊತೆಯಂತಿತ್ತು.

ಗಡ್ಡೆಗೆ ಕೂಲಿಗೆ ಬರುವುದಿಲ್ಲವೆಂದೇ ಅವಳು ಹೇಳಿದ್ದು. ಪಂಪಮ್ಮನೇ ಕಳಿಸಿದಳು. ಅವನು ಅಗೆದ ಜಾಗ ನೋಡಿ ಬಂದು ಹೇಳು, ಕೊಪ್ಪರಿಗೆ ಕೂತಿದ್ದ ಗುರುತಾದರೂ ಇದ್ದೀತು, ಎಂದಳು.

ಬಿಸಿಲು ನೆತ್ತಿಗೆ ಬಂದಾಗ ಆಳುಗಳು ಮೇಲೆ ಹತ್ತಿದರು. ಜಂಬಮ್ಮನ ಜೊತೆ ಮಣ್ಣು ಹೊರುತ್ತಿದ್ದವಳು ಹುಸೇನಮ್ಮ, ಆಚೆ ದಡದ ಆನೆಗೊಂದಿಯ ಸೊಸೆ. ಕೆಲವು ವರ್ಷ ದೂರದ ತವರಿನಲ್ಲೇ ಇದ್ದು ಈ ಬೇಸಿಗೆಯಲ್ಲಿ ಗಂಡನ ಮನೆಗೆ ಮರಳಿದ್ದಳು. ಅವಳ ಪರಿಚಯ ಜಂಬಮ್ಮನಿಗೆ ಆ ಬೆಳಿಗ್ಗೆ ಆದದ್ದು. ಇಬ್ಬರೂ ಮಂಟಪದ ನೆರಳಲ್ಲಿ ಬುತ್ತಿ ಬಿಚ್ಚಿದರು. ಹುಸೇನಮ್ಮ ಎರಡು ತುತ್ತು ತಿಂದವಳು ತಟ್ಟನೆ ಎದ್ದು ನೀರಿನ ಕಡೆ ಹೋದಳು. ಅಂಬಿಗ ಹರಿಗೋಲನ್ನು ಹಾಗೇ ನೀರಿನಲ್ಲಿ ಬಿಟ್ಟು ಮಲಗಿದ್ದ. ಅವಳು ಅದನ್ನು ಮರಳಿಗೆ ಎಳೆದು, ತಲೆ ಕೊಟ್ಟು ಎತ್ತಿ, ಬೋರಲು ಹಾಕಿದಳು. ಅಂಚಿಗೆ ಕಾಲಿನಿಂದ ಒಂದು ಕಲ್ಲು ನೂಕಿ ಬಂದು ಮತ್ತೆ ರೊಟ್ಟಿ ಮುರಿದಳು.

"ಅದರ ಅಂಬಿಗಗ ಇಲ್ಲದ ಚಿಂತಿ ನಿನಗ್ಯಾಕ ಬೇ?" ಎಂದು ಜಂಬಮ್ಮ ನಕ್ಕಳು.

"ಯಾರದರ ಆಗ್ಲಿ, ತೊಗಲು ತೊಗಲಲ್ಲೇನು. ನೀರಾಗ ಬಿಟ್ರ ಕೊಳೀತದ. ನಮ್ಮಪ್ಪ ಹರಗೋಲು ಕಟ್ಟಾಂವ. ಕಂಡು ಸುಮ್ಮನಿರಾಕ ಆಗಂಗಿಲ್ಲ ನನಗ." ಹುಸೇನಮ್ಮ ಉಳ್ಳಾಗಡ್ಡೆ ಗುದ್ದಿ ಅರ್ಧ ಇವಳ ಕೈಗಿಟ್ಟಳು. "ಇದರ ದೆಸಿಂದ ಬೈಸ್ಕೊಂಡೀನಿ ಸೈತ. ಒಮ್ಮಿ ಹೊಸನೀರು ಬಂದು ಇಳದಿತ್ತು. ಆಡು ಬಿಟ್ಕೊಂಡು ಹೋಗಿದ್ದೆ. ಆಪಿನಾಗ ಒಂದು ಹರಗೋಲು ಸಿಕ್ಕೊಂಡಿತ್ತು, ತುಂಬ ರಾಡಿನೀರು. ದಿನ ತುಂಬಿದ ಬಸುರಿ ನಾನು. ಆದ್ರೂ ಬಿಡಾಕ ಮನಸ್ಸಾಗ್ಲಿಲ್ಲ ನೋಡು. ನೀರು ಚೆಲ್ಲಿ, ಎಳಕೊಂಡು ಹೋಗಿ ಹೊಂಗಿ ಗಿಡದ ಬುಡಕ ಬೋರಲ ಹಾಕಿದೆ. ನಮ್ಮತ್ತಿ ಕಂಡು ಹೊಟ್ಟ್ಯಾಗಿನ ಕೂಸಿನ ಮ್ಯಾಲೆ ಖಬರಿಲ್ಲಂತ ಬೈದು, ಅವತ್ತ ಗಾಡಿ ಕಟ್ಟಿಸಿ ತವರಿಗೆ ಕಳಿಸಿಬಿಟ್ಳು. ಯಾರದಿತ್ತೋ ಏನೋ ಪಾಪ, ತಗೊಂಡು ಹೋಗಿರಬೇಕು."

ಜಂಬಮ್ಮ ರೊಟ್ಟಿಯನ್ನು ಕೆಳಗಿಟ್ಟಳು. ಹೊಳೆ ಬೇಸಿಗೆಯ ಹೊಳೆ, ಕಲ್ಲುಗಳ ನಡುವೆ ಸದ್ದಿಲ್ಲದೆ ಹರಿಯುತ್ತಿತ್ತು. ಅದನ್ನೇ ನೋಡುತ್ತ ಕೇಳಿದಳು.

"ಒಳಗ ತ್ಯಾಪಿ ಇತ್ತೇನು ಅದಕ್ಕ?"

"ಇತ್ತು. ಬಿಳೇದು. ಆಡಿನ ತೊಗಲು ಇದ್ದಂಗಿತ್ತು. ಹೆಣ್ಮಕ್ಕಳ ಹೊಲಿಗಿ, ಸಣ್ಣಂದು." ಹುಸೇನಮ್ಮ ಅಷ್ಟು ಹೇಳಿ ಇವಳ ಮುಖ ನೋಡಿದಳು. ಆಮೇಲೆ ಕೈಯ ಬಳೆ ನೋಡಿದಳು. ಗುಂಡಿಯ ದಂಡೆಯಲ್ಲಿ ಬೆಳಿಗ್ಗೆಯಿಂದ ಆಡಿದ ಮಾತುಗಳೆಲ್ಲ ಒಂದೊಂದಾಗಿ ಅವಳಿಗೆ ನೆನಪಾಗುತ್ತಿರಬೇಕು. ಅವಳು ತನ್ನ ಚೊಂಬಿನ ನೀರನ್ನು ಜಂಬಮ್ಮನ ಕಡೆ ಸರಿಸಿದಳು.

ಮಧ್ಯಾಹ್ನದ ಮೇಲೆ ಇಬ್ಬರೂ ಮತ್ತೆ ಮಣ್ಣು ಹೊತ್ತರು. ಅಗೆಯುವವನು ಕೆಳಗಿನಿಂದ ಬುಟ್ಟಿ ಎತ್ತಿಕೊಟ್ಟಾಗ ಜಂಬಮ್ಮ ತಲೆ ಬಗ್ಗಿಸುವಳು, ಹೋಗಿ ಸುರಿಯುವಳು, ಬರುವಳು. ರೂಢಿಯಂತೆ ಮನಸ್ಸಿನಲ್ಲಿ ಒಮ್ಮೆ ಅವನನ್ನು ಬೈಯಲು ಹೋದಳು. ಲೇ, ಎಂದು ಸುರುಮಾಡಿದ ಮಾತು ಅಲ್ಲೇ ನಿಂತಿತು. ಆ ಕಡೆ ಕೇಳುವವರು ಯಾರೂ ಇರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹಾರೆ ಠಣ್ ಎಂದಿತು. ಕೊಟ್ರಬಸಪ್ಪ ಪಂಚೆ ಎತ್ತಿಕೊಂಡು ಗುಂಡಿಗೆ ಇಳಿದೇಬಿಟ್ಟ. ಮಣ್ಣು ಸರಿಸಿ ನೋಡಿದರೆ ಬಂಡೆ. ಗುಂಡಿಯ ತಳದುದ್ದಕ್ಕೂ ಒಂದೇ ಬಂಡೆ, ಎಲ್ಲಿಯೂ ಒಂದು ಬಿರುಕಿಲ್ಲ. ರಾಯರು ದಂಡೆಗೆ ಬಂದು ಬಗ್ಗಿ ನೋಡಿದರು. ಇಷ್ಟು ದಿನದ ವಾದ ಗೆದ್ದ ಸಂತೋಷ ಅವರ ಮುಖದಲ್ಲಿತ್ತು.

"ಈಗರ ಒಪ್ಪಿದೇನು? ಇಲ್ಲಿ ಏನೂ ಇದ್ದಿಲ್ಲ. ಯಾರೂ ಏನೂ ಒಯ್ದಿಲ್ಲ."

"ಒಯ್ದಿಲ್ಲ ಅಂದ್ರ ಓಬಳೇಶ ಎಲ್ಲಿಗೆ ಹೋದ? ಅದನ್ನ ಹೇಳ್ರಿ."

"ಎಲ್ಲಿಗೆ ಹೋದ ಅಂದ್ರ, ಹೊಸನೀರಿನ ಹೊತ್ತಿನಾಗ..."

"ನನಗ್ಯಾಕ ಹೇಳ್ತೀರಿ? ಅಕೀ ನಿಂತಾಳಲ್ಲ, ಅಕೀನ ಅವನ ಹೇಣ್ತಿ. ಅಕೀನ್ನ ಕೇಳ್ರಿ," ಎಂದು ಕೊಟ್ರಬಸಪ್ಪ ಗುಂಡಿಯೊಳಗಿನಿಂದ ಕೈ ಮಾಡಿದ.

ರಾಯರು ತಿರುಗಿದರು. ಬೆಳಿಗ್ಗೆಯಿಂದ ತಮ್ಮ ಮುಂದೆ ಮಣ್ಣು ಹೊತ್ತು ಓಡಾಡಿದವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಬರಿದಾದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಅವಳು ನಿಂತಿದ್ದಳು. ಬುಟ್ಟಿಯ ಅಂಚು ಹಿಡಿದ ಕೈ ತುಂಬ ಮಣ್ಣು ಮೆತ್ತಿದ ಹಸಿರು ಬಳೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಹುಸೇನಮ್ಮ ಹೊಳೆಯ ಕಡೆ ಮುಖ ಮಾಡಿದ್ದಳು. ಜಂಬಮ್ಮನ ಕಣ್ಣ ಮುಂದೆ ಬಂದದ್ದು ಹೊಳೆಯಲ್ಲ, ಬಾಗಿಲಲ್ಲಿ ಕೂತು ಹೆಜ್ಜೆ ಸದ್ದಿಗೆ ಕಿವಿಗೊಡುವ ಮುದುಕಿ.

"ಒಯ್ದಾನ್ರಿ," ಅಂದಳು.

"ಹಂಗಾರ ಉಳದದ್ದು?"

"ಎಲ್ಲಾನೂ ಒಯ್ದಾನ್ರಿ. ಏನೂ ಬಿಟ್ಟಿಲ್ಲ."

ಕೊಟ್ರಬಸಪ್ಪ ಬಂಡೆಯ ಮೇಲೆ ಕುಕ್ಕರಿಸಿದ. ಗೆದ್ದೆನೋ ಸೋತೆನೋ ಅವನಿಗೆ ತಿಳಿಯಲಿಲ್ಲ. ರಾಯರು ಕನ್ನಡಕ ಹಾಕಿಕೊಂಡರು. "ಇರಬಹುದು," ಎಂದರು, ಬಹಳ ಮೆಲ್ಲಗೆ. "ಆತು ಬಸಪ್ಪ, ಮ್ಯಾಲೆ ಬಾ. ಹೊತ್ತಾತು."

ಎಲ್ಲರೂ ಹರಿಗೋಲು ಹತ್ತಿದರು. ಜಂಬಮ್ಮ ಅಂಚಿಗೆ ಕೂತು ಕೈಯನ್ನು ನೀರಿನಲ್ಲಿ ಇಳಿಬಿಟ್ಟಳು. ಬಳೆಗೆ ಹತ್ತಿದ್ದ ಮಣ್ಣು ಬಿಡುತ್ತ ಬಂತು. ನೀರಿನೊಳಗೆ ಅವು ಒಂದಕ್ಕೊಂದು ತಾಗಿದರೂ ಸದ್ದಾಗಲಿಲ್ಲ. ದಡ ಬರುವವರೆಗೂ ಅವಳು ಕೈ ತೆಗೆಯಲಿಲ್ಲ.

ಪಂಪಮ್ಮ ಹೊಸ್ತಿಲಲ್ಲೇ ಇದ್ದಳು. ಏನಂದರು ಎಂದು ಕೇಳಿದಳು. ಬಂಡೆ ಸಿಕ್ಕಿತು, ಉಳಿದದ್ದು ಏನೂ ಇಲ್ಲ, ಎಲ್ಲ ಅವನೇ ಒಯ್ದಿರಬೇಕಂತೆ, ಎಂದಳು ಸೊಸೆ. ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

"ನಾ ಹೇಳಿದ್ದಿಲ್ಲೇನು? ನನ್ನ ಮಗ ಅರ್ಧಾ ಕೆಲಸ ಮಾಡಿ ಬರಾಂವಲ್ಲ. ಮೋಡ ಆಗ್ಯಾವ ಅಂತಾರ, ಜಲ್ದಿ ಹರಗೋಲಿಗೆ ಎಣ್ಣಿ ಸವರು. ಬಂದಾಗ ಒಣಗಿದ್ರ ನನ್ನ ಬೈತಾನ."

ಆಚೆ ದಡದಿಂದ ತಂದಂದಿನಿಂದ ಹರಿಗೋಲು ಗುಡಿಸಲಿನ ಹಿಂದೆ, ಸಿಕ್ಕಾಗ ಹೇಗಿತ್ತೋ ಹಾಗೆ ಬೋರಲೇ ಇತ್ತು. ಪ್ರತಿ ವರ್ಷ ಮಳೆಗೆ ಮೊದಲು ಜಂಬಮ್ಮ ಹೊರಮೈಗೆ ಹೊಂಗೆ ಎಣ್ಣೆ ಹಚ್ಚುವಳು. ಒಳಗೆ ಕೋಳಿಗಳ ಸಂಸಾರ. ಒಳಮೈಯನ್ನು ನೋಡಲು ಅವಳು ಎಂದೂ ಹೋಗಿರಲಿಲ್ಲ.

ಇನ್ನೂ ಬೆಳಕಿತ್ತು. ಅವಳು ಎಣ್ಣೆಯ ಕುಡಿಕೆ ಕೆಳಗಿಟ್ಟು, ಅಂಚಿಗೆ ಭುಜ ಕೊಟ್ಟು ಹರಿಗೋಲನ್ನು ಮಗುಚಿದಳು. ಕೋಳಿಗಳು ಕೂಗುತ್ತ ಚೆದರಿದವು. ತಾನೇ ಹೊಲಿದ ಬಿಳಿ ತೇಪೆ ಬಿದಿರ ಹೆಣಿಗೆಯ ನಡುವೆ ಕಾಣಿಸಿತು. ಬೆರಳಾಡಿಸಿದಳು. ಹೊಲಿಗೆಯ ಸಂದಿನಲ್ಲಿ, ದಾರದ ಉದ್ದಕ್ಕೂ, ಕೆಂಪು ರಾಡಿ ಒಣಗಿ ಕೂತಿತ್ತು. ಅದರೊಳಗೆ ಹೊಳೆಯ ಸಣ್ಣ ಮರಳು.

ಒಳಗಿನಿಂದ ಪಂಪಮ್ಮ, ಆಯಿತೇನವ್ವಾ, ಎಂದು ಕೇಳಿದಳು.

"ಆತು ಅತ್ತಿ."

ಉಗುರಿಗೆ ಬಂದ ಮರಳನ್ನು ಅವಳು ಮತ್ತೆ ಅಲ್ಲಿಯೇ ಒತ್ತಿದಳು. ಅದರ ಮೇಲೆ ಎಣ್ಣೆ ಸವರಿದಳು, ಮೆಲ್ಲಗೆ, ಕೂಸಿನ ನೆತ್ತಿಗೆ ಹಚ್ಚುವಂತೆ. ಆಮೇಲೆ ಹರಿಗೋಲನ್ನು ಬೋರಲು ಹಾಕಿ, ಅಂಚಿಗೆ ಕಲ್ಲು ಕೊಟ್ಟಳು. ಕತ್ತಲಾಗುತ್ತ ಬಂದಂತೆ ಕೋಳಿಗಳು ಒಂದೊಂದಾಗಿ ಬಂದು ಒಳಗೆ ನುಸುಳಿದವು.