ಎಲ್ಲರ ಕೈಗೂ ಸಿಕ್ಕ ಸಿರಿಯೆಮಾ

ಸಿರಿಯೆಮಾ ಕಾರಿನ ಮೈಯನ್ನು ತಿದ್ದಿ ತೀಡಿದ್ದು ಜುರೆಮಾ. ವಿದೇಶಿ ಕಾರು ದೇಶದೊಳಗೆ ಬರುವಂತಿರದ ಕಾಲ. ಶೋಕಿಯ ಕಾರು ಬೇಕೆಂದವರಿಗೆ ಇಂಥ ಸಣ್ಣ ಶೆಡ್ಡುಗಳೇ ಗತಿ. ಹಳೆಯ ಫುಸ್ಕಾ ಕಾರಿನ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಮೈ ಕೂರಿಸಿ ಮಾರುತ್ತಿದ್ದರು. ಸೊರೊಕಾಬಾದ ತನ್ನ ಶೆಡ್ಡಿನಲ್ಲಿ ಅವಳು ಪ್ಲಾಸ್ಟರ್ ಉಜ್ಜಿ ಉಜ್ಜಿ ಆ ಮೈಗೊಂದು ರೂಪ ಕೊಟ್ಟು, ಅದರಿಂದ ಎರಕದ ಅಚ್ಚುಗಳನ್ನು ತೆಗೆದಿದ್ದಳು. ಗಂಡ ತೀರಿಕೊಂಡ ಮೇಲೆ ಗಿರಾಕಿಗಳನ್ನು ಹಿಡಿದು ತರುವ ಕೆಲಸ ಮೈದುನ ಎವರಿಸ್ಟೊನದಾಗಿತ್ತು.

ತಾಯಿಯ ಮಣ್ಣಿಗೆಂದು ಅವಳು ಸಾಂತೋಸ್‌ಗೆ ಹೋಗಿ ಬರುವಷ್ಟರಲ್ಲಿ ಶೆಡ್ಡು ಖಾಲಿ. ಅಚ್ಚುಗಳನ್ನೆಲ್ಲ ಲಾರಿಗೆ ಹೇರಿಕೊಂಡು ಮೈದುನ ಪರಾರಿಯಾಗಿದ್ದ.

ಮರುವರ್ಷ ಸಾವೊ ಪಾಲೊದ ಮೋಟಾರು ಮೇಳದಲ್ಲಿ ಅವನು ತನ್ನದೇ ಹೊಸ ಕಾರ್ಖಾನೆಯಿಂದ ಹೊರಬಂದ ಸಿರಿಯೆಮಾದ ಪಕ್ಕ ಬಿಳಿ ಸೂಟು ತೊಟ್ಟು ನಿಂತಿದ್ದ. ಪತ್ರಿಕೆಯವರ ನಡುವೆ ಅವಳನ್ನು ಕಂಡವನೇ ನಕ್ಕ.

“ಬನ್ನಿ ಅತ್ತಿಗೆ! ನೋಡ್ರಪ್ಪಾ, ನಮ್ಮ ಶೆಡ್ಡಲ್ಲಿ ಪಾಲಿಶ್ ಉಜ್ತಾ ಇದ್ದೋರು ಇವ್ರೇ.”

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಜುರೆಮಾ ಅಲ್ಲಿಂದ ಹೊರಟಳು. ಮನೆಗೆ ಬಂದವಳೇ ತಾಯಿಯ ಮನೆ ಮಾರಿದಳು. ಬೇರೊಬ್ಬರ ಕೈಯಲ್ಲಿ ಕೆಂಪು ಸಿರಿಯೆಮಾ ಒಂದನ್ನು ಕೊಳ್ಳಿಸಿದಳು. ಅದರ ಮೈಗೆಲ್ಲ ಮೇಣ ಬಳಿದು, ಮೇಲೆ ರಾಳ ಮತ್ತು ಗಾಜಿನ ನಾರನ್ನು ಪದರ ಪದರವಾಗಿ ಹಚ್ಚಿ ಒಣಗಿಸಿ ಕಿತ್ತಳು. ಕಳುವಾಗಿದ್ದ ಅಚ್ಚು ಹೀಗೆ ಮತ್ತೆ ಕೈಸೇರಿತು.

ಆದರೆ ಅವಳು ಅದರಿಂದ ಕಾರು ಮಾಡಲಿಲ್ಲ. ಅಚ್ಚಿನ ಮೇಲೆ ಅಚ್ಚು ತೆಗೆದು, ಕುರಿಚಿಬಾ, ಗೊಯಾನಿಯಾ, ರೆಸಿಫೆ ಎನ್ನದೆ ಕಂಡಕಂಡ ಗ್ಯಾರೇಜಿನವರಿಗೆ ಪುಕ್ಕಟೆ ಹಂಚಿದಳು. ಎವರಿಸ್ಟೊ ಒಬ್ಬನ ಮೇಲೆ ಕೇಸು ಹಾಕುವಷ್ಟರಲ್ಲಿ ಇನ್ನೊಂದು ಊರಿನಲ್ಲಿ ಸಿರಿಯೆಮಾ ಹೊರಬೀಳುತ್ತಿತ್ತು. ಬಾಗಿಲು ಕೂರದವು, ಮಳೆಗೆ ಸೋರುವವು, ಹಸಿರು ಹಳದಿ ಬಳಿದವು. ಅಂಥದೊಂದು ಸೊಟ್ಟ ಬಾನೆಟ್ಟು ಎದುರಾದಾಗ ಜುರೆಮಾ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಹಂಚುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬೀದಿಗೊಂದಾದ ಕಾರು ಸಿರಿವಂತರಿಗೆ ಬೇಡವಾಯಿತು. ಎವರಿಸ್ಟೊನ ಕಾರ್ಖಾನೆಗೆ ಬೀಗ ಬಿತ್ತು.

ಒಂದು ಮಧ್ಯಾಹ್ನ ಅವನು ಬಸ್ಸಿಳಿದು ನಡೆದುಕೊಂಡೇ ಅವಳ ಬಾಗಿಲಿಗೆ ಬಂದ.

“ನನ್ನ ಹೊಟ್ಟೆ ಮೇಲೆ ಹೊಡೆದ್ರಿ ಅತ್ತಿಗೆ. ಅದು ಹಾಳಾಗ್ಲಿ. ನೀವು ಹೆತ್ತ ಕಾರಲ್ವಾ ಅದು? ಈಗ ಮೀನು ಮಾರೋರೂ ಓಡಿಸ್ತಾರೆ.”

“ಗೊತ್ತು. ಪಕ್ಕದಲ್ಲಿ ಹೋದ್ರೆ ವಾಸ್ನೆ ಬರುತ್ತೆ.”

“ನಿಮಗೆ ಹೊಟ್ಟೆ ಉರಿಯಲ್ವಾ?”

“ಉರಿಯುತ್ತೆ ಕಣೋ. ನಿಂಗೂ ಉರೀತಿದೆಯಲ್ಲಾ, ಅದಕ್ಕೇ ತಡ್ಕೊಂಡಿದೀನಿ.”

ಅವನು ತಲೆ ತಗ್ಗಿಸಿದ. “ಒಂದು ಲೋಟ ಕಾಫಿನಾದ್ರೂ ಕೊಡ್ತೀರಾ?”

ಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಎದುರಿಗೆ ಕೂತು ಅವನ ಮುಖವನ್ನೇ ನೋಡಿದಳು. ಎದ್ದು ಹೋಗುವಾಗಲಾದರೂ ಅತ್ತಾನೆಂದು ಕಾದಳು. ಅಳಲಿಲ್ಲ. ಅದೊಂದು ಕೊರಗು ಮಾತ್ರ ಅವಳಿಗೆ ಉಳಿಯಿತು.