ಮಾವ ಇಲ್ಲದ ರಕ್ತ

ನಮ್ಮ ಲ್ಯಾಬಿನಲ್ಲಿ ಒಂದು ತಮಾಷೆ ಇದೆ, ಅದನ್ನು ಹುಟ್ಟುಹಾಕಿದವಳು ನಾನೇ. ಅಲರ್ಜಿ ತರುವ ಪ್ರತಿಕಾಯವನ್ನು ತಯಾರಿಸುವ ಬಿ ಕೋಶ ಸೊಸೆ. ಸೊಸೆ ತಾನಾಗಿ ಒಲೆ ಹಚ್ಚುವವಳಲ್ಲ; ಪಕ್ಕದಲ್ಲೇ ನಿಂತು ಅವಳ ಕಿವಿಯೂದುವ ಟಿ ಕೋಶ ಅತ್ತೆ. ಇವರಿಬ್ಬರ ನಡುವೆ ಬಂದು 'ಸಾಕು ಬಿಡಿ' ಎನ್ನುವ ಇನ್ನೊಂದು ಬಗೆಯ ಟಿ ಕೋಶ ಮಾವ. ಮಾವ ಇಲ್ಲದ ಮೈ ಹಗ್ಗವನ್ನೂ ಹಾವೆಂದು ಬಡಿಯುತ್ತದೆ.

ಅಕ್ಕನಿಗೂ ಹೀಗೇ ವಿವರಿಸಿದ್ದೆ. ಅವಳು ನಕ್ಕಿದ್ದಳು. "ನಮ್ಮನೇಲೂ ಮಾವ ಇದ್ದಾರೆ. ಅವರ ಮಾತು ಯಾರು ಕೇಳ್ತಾರೆ ಹೇಳು?"

ಅವಳ ಮಗಳು ಗುಬ್ಬಿಗೆ ನಾಲ್ಕು ವರ್ಷ. ಹಾಲಿನ ಹನಿ ತಾಗಿದರೂ ಉಸಿರು ಕಟ್ಟಿ ನೀಲಿಯಾಗುತ್ತಿದ್ದಳು. ಪಕ್ಕದ ಆಸ್ಪತ್ರೆಯ ವೈದ್ಯೆ ಹಾಲನ್ನು ಹನಿಹನಿಯಾಗಿ ಕುಡಿಸಿ ಅಭ್ಯಾಸ ಮಾಡಿಸುವ ಚಿಕಿತ್ಸೆಗೆ ದಿನ ಗೊತ್ತುಮಾಡಿದ್ದರು. ಗುಬ್ಬಿಯ ರಕ್ತ ನನ್ನ ಬಳಿ ಪರೀಕ್ಷೆಯಲ್ಲಿತ್ತು. "ನಿಮ್ಮದು ಸಂಶೋಧನೆ, ಅದಕ್ಕೆ ಕಾಯೋಕಾಗಲ್ಲ. ಆದ್ರೆ ನೀವು ಬೇಡ ಅಂದ್ರೆ ನಿಲ್ಲಿಸ್ತೀನಿ," ಎಂದಿದ್ದರು ವೈದ್ಯೆ.

ಆ ದಿನ ಬೆಳಿಗ್ಗೆಯೇ ಫಲಿತಾಂಶ ಬಂತು. ಗುಬ್ಬಿಯ ರಕ್ತದಲ್ಲಿ ಮಾವಂದಿರನ್ನು ಹುಡುಕಿದರೆ ಹೆಸರಿಗೂ ಸಿಗಲಿಲ್ಲ. ಹಾಲಿನ ಪ್ರೋಟೀನು ಹಾಕಿದ್ದೇ ತಡ, ತಡೆಯುವವರಿಲ್ಲದೆ ಪ್ರತಿಕಾಯ ಮಿತಿಮೀರಿ ಏರಿತ್ತು.

ವೈದ್ಯೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಕ್ಕನಿಗೆ ಮಾಡಿದೆ. ವಾರ್ಡಿನ ಗದ್ದಲದಲ್ಲಿ ಅವಳ ದನಿ ತುಂಡುತುಂಡಾಗಿ ಬರುತ್ತಿತ್ತು.

"ಅಕ್ಕಾ, ಮಾವ ಇಲ್ಲ! ಶುರು ಮಾಡ್ಬೇಡಿ ಅಂತ ಹೇಳು!"

"ಏನು? ಮಾವ ಇಲ್ದೆ ಶುರು ಮಾಡ್ಬಾರ್ದಾ?"

"ಹೂಂ ಕಣೇ, ಮಾವ ಇಲ್ದೆ ಮಾಡ್ಲೇಬಾರ್ದು!"

"ಅಯ್ಯೋ, ಮಾವ ಈಗಷ್ಟೇ ಬಂದ್ರು. ಇಲ್ಲೇ ಇದ್ದಾರೆ. ಹಾಗಾದ್ರೆ ಡಾಕ್ಟರಿಗೆ ಹೇಳ್ತೀನಿ..."

ಲೈನು ಕಡಿದುಹೋಯಿತು. ಅವಳು ಯಾವ ಮಾವನ ಮಾತಾಡುತ್ತಿದ್ದಾಳೆಂದು ಆಗ ಹೊಳೆಯಿತು.

ಮತ್ತೆ ಮಾಡಿದರೆ ಬರೀ ರಿಂಗು. ಕೈಗವಸನ್ನೂ ತೆಗೆಯದೆ ಓಡಿದೆ. ಲಿಫ್ಟು ಮೇಲೆಲ್ಲೋ ನಿಂತಿತ್ತು. ಮೆಟ್ಟಿಲಿಳಿದು, ಎರಡು ಕಟ್ಟಡಗಳ ನಡುವಿನ ಅಂಗಳ ದಾಟುವಾಗ ಯಾರದೋ ಗಾಲಿಕುರ್ಚಿಗೆ ಡಿಕ್ಕಿ ಹೊಡೆದೆ. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ! ಕೋಶಕ್ಕೆ ಕೋಶ ಎನ್ನಲು ಏನು ರೋಗ ಬಂದಿತ್ತು ನನಗೆ?

ವಾರ್ಡಿನ ಬಾಗಿಲಲ್ಲೇ ಅಕ್ಕನ ಕೂಗು ಕೇಳಿಸಿತು. ಚಮಚ ನೆಲದ ಮೇಲೆ ಬಿದ್ದಿತ್ತು. ಗುಬ್ಬಿಯ ತುಟಿ ಊದಿ, ಗಂಟಲಿನಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ವೈದ್ಯೆ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಮುಖಕ್ಕೆ ಆಕ್ಸಿಜನ್ ಇಟ್ಟರು. ಸಿಳ್ಳೆ ನಿಂತಿತು.

"ಕಡಿಮೆ ಆಯ್ತಲ್ವಾ? ಸದ್ದು ನಿಂತ್ಹೋಯ್ತಲ್ವಾ?" ಅಕ್ಕ ನನ್ನ ಮುಖ ನೋಡಿದಳು. ಗಾಳಿಯೇ ಒಳಗೆ ಹೋಗದಿದ್ದಾಗಲೂ ಸದ್ದು ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ವೈದ್ಯೆ ಇನ್ನೊಂದು ಇಂಜೆಕ್ಷನ್ ಕೊಟ್ಟರು. ಅಳು ಕಂದಾ, ಒಂದೇ ಒಂದು ಸಲ ಅಳು ಎಂದು ಮನಸ್ಸಿನಲ್ಲೇ ಕಾಲಿಗೆ ಬಿದ್ದೆ.

ಕೊನೆಗೆ ಗುಬ್ಬಿ ಕೆಮ್ಮಿದಳು. ಆಮೇಲೆ ಅತ್ತಳು. ಅಕ್ಕ ಅವಳ ಪಾದಕ್ಕೆ ಮುಖ ಒತ್ತಿಕೊಂಡಳು.

ಅಕ್ಕನ ಮಾವ ಗೋಡೆಗೊರಗಿ ನಿಂತಿದ್ದರು, ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ.

"ನಾನು ಬೇಡ ಅನ್ನೋಕೇ ಬಂದಿದ್ದೆ ಕಣಮ್ಮ," ಎಂದರು. "ಮಗೂಗೆ ಈ ಹಾಲಿನ ಸಹವಾಸ ಬೇಡ, ನಿಲ್ಸಿ ಅನ್ನೋಕೆ. ಅಷ್ಟರಲ್ಲಿ ನಾನಿಲ್ದೆ ಶುರು ಮಾಡ್ಬೇಡಿ ಅಂತ ನೀನು ಹೇಳಿದ್ದೀಯ ಅಂದ್ಲು ಸೊಸೆ. ನನ್ನ ಮಾತಿಗೆ ಆ ಮನೇಲಿ ಯಾರೂ ಯಾವತ್ತೂ ಕಾದಿರ್ಲಿಲ್ಲ. ಆ ಸಂತೋಷದಲ್ಲಿ ಹೂಂ ಅಂದ್ಬಿಟ್ಟೆ."

ನಾನು ಹೇಳಿದ್ದು ಬೇರೆ ಮಾವನನ್ನು ಎಂದು ಇವರಿಗೆ ಯಾವ ಬಾಯಲ್ಲಿ ಹೇಳಲಿ? ಕೈಗವಸು ಕಳಚಿ ಅವರ ಕೈ ಹಿಡಿದುಕೊಂಡೆ.

"ನಿಮಗೋಸ್ಕರಾನೇ ಕಾಯ್ತಿದ್ವಿ ಮಾವ," ಎಂದೆ.