ಮೂವತ್ತೆರಡನೇ ಗುರ್ತು

ಗಂಗೊಳ್ಳಿ ಬಂದರಿನ ಐಸ್ ಪ್ಲಾಂಟಿನ ಪಕ್ಕದಲ್ಲಿ ಜಲಜಳ ಡಿ.ಟಿ.ಪಿ. ಅಂಗಡಿ. ಅಂಗಡಿ ಎಂದರೆ ಹತ್ತಡಿಗೆ ಎಂಟಡಿಯ ಕೋಣೆ, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಕಾಯುವವರಿಗೆ ಒಂದು ಬೆಂಚು. ಊರಿನ ಮದುವೆ ಕಾಗದ, ಭಜನಾ ಮಂದಿರದ ಕರಪತ್ರ, ಯಕ್ಷಗಾನದ ನೋಟೀಸು ಎಲ್ಲ ಅಲ್ಲಿಂದಲೇ ಹೊರಡಬೇಕು. ಮೀನಿನ ವಾಸನೆ ಇಲ್ಲದ ಮದುವೆ ಕಾಗದ ಬೇಕಾದವರು ಕುಂದಾಪುರಕ್ಕೆ ಹೋಗಲಿ ಎಂದು ಅವಳೇ ಹೇಳುತ್ತಿದ್ದಳು. ಯಾರೂ ಹೋಗುತ್ತಿರಲಿಲ್ಲ.

ಅಂಥ ಜಲಜ 2008ರ ಶ್ರಾವಣದ ಒಂದು ಶುಕ್ರವಾರ ಬೆಳಿಗ್ಗೆ ತನ್ನ ಕೈಯಾರೆ ಅಂಗಡಿಯ ಜೀವ ತೆಗೆದಳು. ಅದೂ ದೇವರ ಹೆಸರಿನಲ್ಲಿ.

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಹೊತ್ತಿಗೆ ಇಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆ ನೀರನ್ನು ಅದಕ್ಕೆ ಮುಟ್ಟಿಸುವುದು ಅವರ ಮನೆಯ ಕ್ರಮ. ಅವಳ ಅಪ್ಪ ಕೊರಗ ಐವತ್ತು ವರ್ಷ ಕಡಲಿಗೆ ಹೋದವನು. ಮಗಳು ಹತ್ತು ವರ್ಷದ ಹಿಂದೆ ಕಂಪ್ಯೂಟರು ತಂದಾಗ, ಅನ್ನ ಕೊಡುವ ಯಂತ್ರ ಯಾವುದಾದರೇನು ಎಂದು ಅದಕ್ಕೂ ವರ್ಷಕ್ಕೊಮ್ಮೆ ಕಾಯಿ ಒಡೆಯುತ್ತಿದ್ದ. ಆದರೆ ಜಾಣ, ನೀರನ್ನು ಮೇಜಿನ ಕಾಲಿಗೆ ಮಾತ್ರ ಮುಟ್ಟಿಸುತ್ತಿದ್ದ. ಅವನು ತೀರಿಕೊಂಡು ಎರಡು ವರ್ಷವಾಗಿತ್ತು. ಈ ಸಲ ಜಲಜಳಿಗೆ ಒಂದು ಅತಿಬುದ್ಧಿ ಹೊಳೆಯಿತು. ಮೇಜಿನ ಕಾಲಿಗೆ ಮಾಡಿದ ಪೂಜೆ ಮೇಜಿಗೆ ಸಲ್ಲುತ್ತದೆಯೇ ಹೊರತು ಕಂಪ್ಯೂಟರಿಗಲ್ಲ. ಹಾಗಾದರೆ ಇಂಜಿನ್ ಯಾವುದು?

ಕಂಪ್ಯೂಟರಿನ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಡಬ್ಬಿ ಸಿಕ್ಕಿಸಿತ್ತು. ಅದಕ್ಕೆ ಲಾಕು ಎನ್ನುತ್ತಾರೆ. ಕನ್ನಡದ ಸಾಫ್ಟ್‌ವೇರು ಮಾರಿದ ಕಂಪೆನಿಯವರೇ ಕೊಟ್ಟದ್ದು. ಅದು ಅಲ್ಲಿ ಕೂತಿದ್ದರೆ ಮಾತ್ರ ಕನ್ನಡ ತೆರೆಯುತ್ತದೆ, ಇಲ್ಲವಾದರೆ ಇಲ್ಲ. ಇದೇ ಇಂಜಿನ್ ಎಂದು ತೀರ್ಮಾನಿಸಿದ ಜಲಜ, ಕಂಪ್ಯೂಟರಿಗೆ ನೀರು ಬೀಳಬಾರದೆಂಬ ಎಚ್ಚರಿಕೆಯಿಂದ ಲಾಕನ್ನು ಬಿಡಿಸಿ ಬಾಳೆಲೆಯ ಮೇಲಿಟ್ಟು, ಅರಿಶಿನ ಹಚ್ಚಿ, ಕಾಯಿ ಒಡೆದು, ನೀರನ್ನು ಧಾರಾಳವಾಗಿಯೇ ಎರೆದಳು. ಒರೆಸಿ ಮತ್ತೆ ಸಿಕ್ಕಿಸಿದರೆ ಕನ್ನಡ ತೆರೆಯಲಿಲ್ಲ. ಬಿಸಿಲಿಗಿಟ್ಟಳು, ಅಕ್ಕಿ ಡಬ್ಬದಲ್ಲಿ ಹುಗಿದಳು, ಹಟ್ಟಿಯಂಗಡಿ ಗಣಪತಿಗೆ ಹರಕೆಯನ್ನೂ ಹೊತ್ತಳು. ಲಾಕು ಕಾಯಿನೀರು ಕುಡಿದು ತಣ್ಣಗೆ ಮಲಗಿತ್ತು.

ಮದುವೆ ಕಾಗದಗಳು ಹೋದರೆ ಹೋಗಲಿ, ಮದುವೆ ಮುಗಿದ ಮೇಲೆ ಅವನ್ನು ಓದುವವರು ಯಾರು? ಅವಳ ಕರುಳು ಹಿಂಡಿದ್ದು ಒಂದೇ ಒಂದು ಫೈಲು, ಅಪ್ಪಯ್ಯನ ಕಲ್ಲಿನ ಪುಸ್ತಕ. ಗಂಗೊಳ್ಳಿಯಿಂದ ಬೈಂದೂರಿನವರೆಗೆ ಕಡಲಿನ ಅಡಿಯಲ್ಲಿ ಬಲೆ ಹರಿಯುವ ಕಲ್ಲು ಎಲ್ಲೆಲ್ಲಿದೆ ಎಂಬುದು ಕೊರಗನಿಗೆ ಬಾಯಿಪಾಠವಾಗಿತ್ತು. ಕೊಡಚಾದ್ರಿಯ ತುದಿ ಯಾವ ತೆಂಗಿನ ತೋಪಿನ ಮೇಲೆ ಬಂದಾಗ, ಒತ್ತಿನೆಣೆಯ ಗುಡ್ಡ ಎಷ್ಟು ಸರಿದಾಗ, ಎಷ್ಟು ಮಾರು ನೀರಿನಲ್ಲಿ ಯಾವ ಕಲ್ಲು ಎಂದು ಹೇಳುವುದಕ್ಕೆ ಕಡಲಿಗೆ ಹೋಗುವವರು ಗುರ್ತು ಎನ್ನುತ್ತಾರೆ. ಮೀನು ಸಿಗುವ ಜಾಗವನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ, ಅದು ಅವರವರ ಹೊಟ್ಟೆಪಾಡು. ಆದರೆ ಬಲೆ ಹರಿಯುವ ಕಲ್ಲನ್ನು ವೈರಿಗೂ ಹೇಳಬೇಕು. ಇದು ಕೊರಗನ ಕಾನೂನು. ಅವನು ಹೇಳುತ್ತ ಹೋದ, ಮಗಳು ಟೈಪು ಮಾಡುತ್ತ ಹೋದಳು. ಮೂವತ್ತೊಂದು ಗುರ್ತುಗಳಾದವು.

ಮೂವತ್ತೆರಡನೆಯದನ್ನು ಮಾತ್ರ ಅವನು ಹೇಳಲಿಲ್ಲ, ತಾನೇ ಟೈಪು ಮಾಡುತ್ತೇನೆಂದ. ಮೂರನೇ ಕ್ಲಾಸು ಓದಿದ ಮನುಷ್ಯ. ಜಲಜ ಮಧ್ಯಾಹ್ನ ಊಟಕ್ಕೆ ಹೋದ ಹೊತ್ತಿನಲ್ಲಿ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದ, ಅವಳು ಬಂದ ಸದ್ದಾದರೆ ಮುಚ್ಚಿಬಿಡುತ್ತಿದ್ದ. ಇನ್ನೂ ಮುಗಿದಿಲ್ಲ ಎನ್ನುತ್ತಿದ್ದ. ಅದು ಮುಗಿಯಲಿ ಎಂದು ಪುಸ್ತಕವನ್ನು ಪ್ರಿಂಟು ಮಾಡದೆ ಕಾದರು. ಆ ಮಳೆಗಾಲದಲ್ಲಿ ಅವನೇ ಹೊರಟುಹೋದ. ಆಮೇಲೆ ಆ ಪುಟ ತೆರೆಯಲು ಜಲಜಳಿಗೆ ಧೈರ್ಯ ಬರಲಿಲ್ಲ. ಓದಿಬಿಟ್ಟರೆ ಅಪ್ಪಯ್ಯ ತನಗೆ ಹೇಳುವುದು ಇನ್ನೇನೂ ಉಳಿಯುವುದಿಲ್ಲವಲ್ಲ ಎಂಬ ಹೆದರಿಕೆ. ನಾಳೆ, ನಾಡಿದ್ದು ಎನ್ನುತ್ತ ಎರಡು ವರ್ಷ ಕಳೆಯಿತು. ಕೊನೆಗೆ ಮನಸ್ಸು ಗಟ್ಟಿಮಾಡಿ, ಈ ನೂಲಹುಣ್ಣಿಮೆಯ ಸಮುದ್ರಪೂಜೆಗೆ ಪುಸ್ತಕ ಹಂಚುತ್ತೇನೆಂದು ಮೀನುಗಾರರ ಸಂಘಕ್ಕೆ ಮಾತು ಕೊಟ್ಟಿದ್ದಳು. ಹುಣ್ಣಿಮೆಗೆ ಉಳಿದದ್ದು ಎಂಟು ದಿನ.

ಸಂಘದ ಅಧ್ಯಕ್ಷ ಚಂದಯ್ಯನಿಗೆ ಅವಳಿಗಿಂತ ಹೆಚ್ಚು ಅವಸರ. ಅದಕ್ಕೊಂದು ಕಾರಣವಿತ್ತು. ಕೊರಗ ದಿನಾ ಕಡಲಿನಿಂದ ಹಿಂದಿರುಗುವಾಗ ಹೊಳೆ ಕಡಲು ಸೇರುವ ಅಳಿವೆಯ ತೆಂಕಕ್ಕೆ ಒಂದು ಕಡೆ ದೋಣಿ ನಿಲ್ಲಿಸಿ ಕಾಲು ಗಂಟೆ ಸುಮ್ಮನೆ ಕೂರುತ್ತಿದ್ದ. ಯಾಕೆಂದು ಕೇಳಿದರೆ ನಗುತ್ತಿದ್ದ. ಅಲ್ಲಿ ಮೀನಿನ ಗಣಿಯೇ ಇದೆ ಎಂದು ಚಂದಯ್ಯ ನಂಬಿದ. ಕೊರಗ ಇಲ್ಲದ ಹೊತ್ತು ನೋಡಿ ನಲವತ್ತು ವರ್ಷ ಅಲ್ಲಿ ಬಲೆ ಹಾಕಿದ, ಸಿಕ್ಕಿದ್ದು ಕೆಸರು. ಜಾಗ ಸರಿಯಾಗಿದೆ, ಕೊರಗನಿಗೆ ಗೊತ್ತಿದ್ದ ಹೊತ್ತು ತನಗೆ ಗೊತ್ತಿಲ್ಲ ಎಂದುಕೊಂಡನೇ ಹೊರತು ನಂಬಿಕೆ ಬಿಡಲಿಲ್ಲ. ಮೂವತ್ತೆರಡನೇ ಗುರ್ತಿನಲ್ಲಿ ಅದೇ ಇದೆ ಎಂಬುದು ಅವನ ಲೆಕ್ಕ.

ಜಲಜ ಬೆಂಗಳೂರಿನ ಕಂಪೆನಿಗೆ ಫೋನು ಮಾಡಿದಳು. ಅಲ್ಲಿನ ಹುಡುಗಿ ಬಹಳ ಸಿಹಿಯಾಗಿ, ಆ ಹಳೆಯದನ್ನು ನಾವು ನಿಲ್ಲಿಸಿದ್ದೇವೆ, ಹೊಸತು ತೆಗೆದುಕೊಳ್ಳಿ, ಹಳೆಯ ಫೈಲು ಅದರಲ್ಲಿ ತೆರೆದೇ ತೆರೆಯುತ್ತದೆಂದು ಹೇಳಲಾಗುವುದಿಲ್ಲ ಎಂದಳು. ಮಾತು ನನ್ನ ಅಪ್ಪಯ್ಯನದು, ಟೈಪು ಮಾಡಿದ್ದು ನಾನು, ಕಂಪ್ಯೂಟರು ನನ್ನದು. ಬಾಗಿಲು ತೆಗೆಯಲು ನಿಮ್ಮ ಅಪ್ಪಣೆ ಯಾಕೆ ಎಂದು ಜಲಜ ಕೇಳಿದಳು. ಶುರುವಿನಲ್ಲೇ ನೀವು ಎಲ್ಲದಕ್ಕೂ ಒಪ್ಪಿದ್ದೀರಿ ಎಂಬ ಉತ್ತರ ಬಂತು. ಯಾವಾಗ ಒಪ್ಪಿದೆ ಎಂದು ಯೋಚಿಸಿದರೆ, ಹತ್ತು ವರ್ಷದ ಹಿಂದೆ ಒಂದು ಉದ್ದದ ಇಂಗ್ಲಿಷ್ ಬರಹದ ಕೆಳಗೆ ಗುಂಡಿ ಒತ್ತಿದ್ದು ನೆನಪಾಯಿತು. ಓದಿದವರು ಊರಲ್ಲಿ ಯಾರಿದ್ದಾರೆ?

ಆಗ ಅವಳಿಗೆ ಶ್ರೀಶ ಮಾಷ್ಟ್ರ ನೆನಪಾದದ್ದು. ಕೋಟದ ಕಡೆಯವರು, ಕುಂದಾಪುರದ ಕಾಲೇಜಿನಲ್ಲಿ ಕಂಪ್ಯೂಟರು ಕಲಿಸುತ್ತಿದ್ದರು. ಸಾಫ್ಟ್‌ವೇರು ಎಲ್ಲರಿಗೂ ಮುಕ್ತವಾಗಿರಬೇಕು, ಬೀಗ ಹಾಕುವುದು ಅನ್ಯಾಯ ಎಂದು ಸಿಕ್ಕಸಿಕ್ಕಲ್ಲಿ ಭಾಷಣ ಮಾಡುವವರು. ಆ ಭಾಷಣದ ಕರಪತ್ರವನ್ನು ಅವರು ಮಾಡಿಸುತ್ತಿದ್ದದ್ದು ಮಾತ್ರ ಜಲಜಳ ಬೀಗ ಹಾಕಿದ ಸಾಫ್ಟ್‌ವೇರಿನಲ್ಲಿ. ಅವಳು ಆಡಿಕೊಂಡು ನಗುವಾಗಲೆಲ್ಲ ಮಾಷ್ಟ್ರು, ಅಕ್ಷರ ಚಂದ ಬರುತ್ತದಲ್ಲ ಎಂದು ಕೆಂಪಾಗುತ್ತಿದ್ದರು.

ಈಗ ಅವರ ಸರದಿ. ಭಾನುವಾರ ಬೆಳಗಿನ ಬಸ್ಸಿನಲ್ಲೇ ಅಂಗಿಯ ಜೇಬಿನಲ್ಲಿ ಎರಡು ಸಿ.ಡಿ. ಇಟ್ಟುಕೊಂಡು ಬಂದಿಳಿದರು. ಕಂಪ್ಯೂಟರಿಗೆ ಲಿನಕ್ಸ್ ಎಂಬ ಬೀಗವಿಲ್ಲದ ಸಾಫ್ಟ್‌ವೇರು ಹಾಕಿದರು. ಹಳೆಯ ಫೈಲಿನೊಳಗಿನ ಅಕ್ಷರಗಳನ್ನು ಬಿಡಿಸಿ ಹೊಸ ಕನ್ನಡಕ್ಕೆ ತರುವ ಒಂದು ಸಣ್ಣ ಪ್ರೋಗ್ರಾಮನ್ನು ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟಿದ್ದಾರಂತೆ, ಅದನ್ನೂ ತಂದಿದ್ದರು. ಪರದೆಯ ಮೇಲೆ ಹೊಸ ಚಿತ್ರ ಮೂಡಿದ್ದೇ ಅವರ ಮುಖ ಅರಳಿತು.

"ಜಲಜಕ್ಕ, ಇದ್ ಇನ್ ನಿಮ್ದೇ. ಬಿಚ್ಚಿ ಕಾಂಬ್ಲಕ್ಕ್, ಬದಲ್ ಮಾಡ್ಲಕ್ಕ್, ಇನ್ನೊಬ್ರಿಗ್ ಕೊಡ್ಲಕ್ಕ್" ಎಂದರು.

ಬದಲು ಮಾಡುವುದು ಹಾಗಿರಲಿ, ಜಲಜಳಿಗೆ ಮೊದಲು ಅದು ಅರ್ಥವಾಗಬೇಕಿತ್ತು. ಕನ್ನಡದ ಮೆನು ಎಂದು ಕಂಡದ್ದರಲ್ಲಿ ಅರ್ಧ ಪದಗಳು ಅವಳು ಹುಟ್ಟಿದಾರಭ್ಯ ಕೇಳಿರದವು. ಹತ್ತು ವರ್ಷ ಬೆರಳು ಕಲಿತ ಕೀಲಿಗಳೆಲ್ಲ ಅದಲುಬದಲು. ಪ್ರಿಂಟಿಗೆ ಕೊಡಲು ಮೂರು ಕಿಟಕಿ ದಾಟಬೇಕು. ಆ ಪುಣ್ಯಾತ್ಮರ ಪ್ರೋಗ್ರಾಮಿಗಂತೂ ಗುಂಡಿಯೇ ಇಲ್ಲ, ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷನ್ನು ಚುಕ್ಕೆ ತಪ್ಪದಂತೆ ಬರೆಯಬೇಕು. ಮಾಷ್ಟ್ರೇ ಎರಡು ಸಲ ತಪ್ಪಿದರು. ಇದಕ್ಕೆ ಅಭ್ಯಾಸ ಬೇಕು, ಸ್ವಾತಂತ್ರ್ಯವೆಂದರೆ ಸುಲಭವೇ ಎಂದು ಅವರು ಸಮಾಧಾನ ಹೇಳಹೋದಾಗ ಜಲಜಳಿಗೆ ರೇಗಿಹೋಯಿತು.

"ಬಾಗ್ಲಿಗ್ ಬೀಗ ಇಲ್ಲೆ ಅಂತ್ರಿ, ಸರಿ. ಬಾಗ್ಲೇ ಎಲ್ಲಿತ್ತ್ ಅಂದ್ ಕಾಂತಿಲ್ಲೆ ಅಂದ್ರೆ ಒಳಗ್ ಹೋಪುದ್ ಹ್ಯಾಂಗೆ ಮಾಷ್ಟ್ರೆ? ಇದನ್ ಮಾಡಿದವ್ರ್ ಒಬ್ರಾರೂ ಒಂದ್ ಮದಿ ಕಾಗ್ದ ಮಾಡಿದ್ರಾ?"

ಮಾಷ್ಟ್ರು ಮೆಲ್ಲಗೆ, ಮಾಡಿದವರಿಗೇ ಬರೆಯಿರಿ, ಇದರಲ್ಲಿ ಅದೊಂದು ಗುಣ, ಬೈದರೆ ಕೇಳುವವರಿದ್ದಾರೆ ಎಂದರು. ಬೈಯುವುದಕ್ಕೆ ಜಲಜಳಿಗೆ ಎರಡನೇ ಸಲ ಹೇಳಬೇಕೇ? ಕಾಗದ ತೆಗೆದು ಕನ್ನಡದಲ್ಲೇ ಹತ್ತೊಂಬತ್ತು ದೂರು ಬರೆದುಕೊಟ್ಟಳು. ಮಾಷ್ಟ್ರು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಬೈಗುಳ ಸ್ವಲ್ಪ ಕಡಿಮೆ ಮಾಡಿ, ಇಂಟರ್ನೆಟ್ಟಿನಲ್ಲಿ ಕಳಿಸಿದರು.

ಇಷ್ಟೆಲ್ಲ ಆದ ಮೇಲೆ ಮಂಗಳವಾರ ಮಧ್ಯಾಹ್ನ, ಮಾಷ್ಟ್ರ ಐದನೇ ಪ್ರಯತ್ನಕ್ಕೆ, ಕಲ್ಲಿನ ಪುಸ್ತಕ ತೆರೆಯಿತು. ಒತ್ತಕ್ಷರಗಳು ಸ್ಥಾನ ಬಿಟ್ಟು ಓಡಾಡುತ್ತಿದ್ದವು, ಕೊಂಬುಗಳು ಯಾರ್ಯಾರದೋ ತಲೆಗೆ ಏರಿದ್ದವು. ಆದರೂ ಓದಬಹುದಿತ್ತು. ಒಂದು, ಎರಡು ಎಂದು ಗುರ್ತುಗಳು ಮೇಲೇರುತ್ತ ಹೋದವು. ಮೂವತ್ತೊಂದು ಮುಗಿದು ಕೊನೆಯ ಪುಟ ಬಂದಾಗ ಜಲಜಳ ಕೈ ನಿಂತಿತು. ಮಾಷ್ಟ್ರಿಗೆ ಏನು ಅರ್ಥವಾಯಿತೋ, ಸಿಗಡಿ ಬೋಟು ಬಂದಂತಿದೆ ಎಂದು ಎದ್ದು ಬಾಗಿಲಾಚೆ ಹೋಗಿ ನಿಂತರು. ಸಿಗಡಿ ತಿನ್ನದ ಮನುಷ್ಯ!

ಆ ಪುಟದ ಮೊದಲ ಸಾಲಿನಲ್ಲಿ ಅಪ್ಪಯ್ಯ ಕೈ ಪಳಗಿಸಿಕೊಂಡಿದ್ದ. ಜಲಜ ಜಲಜ ಜಲಜ ಜಲಜ. ಒತ್ತಿಲ್ಲ, ಕೊಂಬಿಲ್ಲ, ದೀರ್ಘವಿಲ್ಲ. ಇಡೀ ಪುಸ್ತಕದಲ್ಲಿ ಒಂದು ಗಾಯವೂ ಆಗದೆ ಬಂದ ಮಾತು ಅದೊಂದೇ. ಅದರ ಕೆಳಗಿನದನ್ನು ಅವಳು ತಪ್ಪುಗಳ ನಡುವೆ ದಾರಿ ಮಾಡಿಕೊಂಡು ಓದಿದಳು:

"ಇದ್ ಕಲ್ಲಲ್ಲ. ಮೀನೂ ಇಲ್ಲೆ. ಅಳಿವೆಯಿಂದ ತೆಂಕಕ್ಕೆ, ಆರ್ ಮಾರ್ ನೀರ್. ಐಸ್ ಪ್ಲಾಂಟಿನ ಟ್ಯಾಂಕಿ ಒಂಚೂರ್ ಬಲಕ್ಕ್ ಸರ್ದ್ರೆ ನಮ್ಮನಿ ಮಾಡ್ ಕಾಂತ್ತ್. ನಿನ್ ಅಬ್ಬಿ ಬಟ್ಟಿ ಒಣಗ್ಸುದ್ ಕಾಂತ್ತ್. ಅವ್ಳ್ ಹೋದ್ ಮೇಲೆ ನಿನ್ ಅಂಗ್ಡಿ ಬೋರ್ಡ್ ಕಾಂತ್ತ್. ಓದುಕಾತಿಲ್ಲೆ, ಆರೂ ನಿಂದ್ ಅಂದ್ ಗೊತ್ತ್. ದಿನಾ ಒಂದ್ಗಳ್ಗಿ ಕಂಡ್ಕಂಡ್ ಬತ್ತಿದ್ದೆ. ಚಂದಯ್ಯನಿಗ್ ಹೇಳ್ಬೇಡ. ನಲ್ವತ್ತ್ ವರ್ಷ ಬಲೆ ಹಾಕಿದ್ದ, ಪಾಪ."

ಜಲಜ ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು. ಅಮ್ಮ ಹೋದದ್ದು ಅವಳು ಹನ್ನೆರಡರವಳಿದ್ದಾಗ. ಅಮ್ಮನ ಬಗ್ಗೆ ಅಪ್ಪಯ್ಯ ಬಾಯಿಬಿಟ್ಟು ಒಂದು ಮಾತು ಆಡಿದವನಲ್ಲ. ಇಷ್ಟು ವರ್ಷ ದೋಣಿ ನಿಲ್ಲಿಸಿ ಕೂತದ್ದು ಇದಕ್ಕೆ. ಇದನ್ನು ಓದಿದರೆ ಅಪ್ಪಯ್ಯ ಮುಗಿದೇಹೋಗುತ್ತಾನೆ ಎಂದು ಹೆದರಿದ್ದಳಲ್ಲ, ಈಗ ನೋಡಿದರೆ ಅವನು ಇನ್ನಷ್ಟು ಹತ್ತಿರ ಬಂದು ಕೂತಹಾಗಿತ್ತು.

ಮಾಷ್ಟ್ರು ಒಳಗೆ ಬಂದಾಗ ಅವಳು ಕಣ್ಣು ಒರೆಸಿಕೊಂಡು, ಪುಸ್ತಕದಲ್ಲಿ ಮೂವತ್ತೊಂದೇ ಹಾಕುವುದು ಎಂದಳು. ಮಾಷ್ಟ್ರಿಗೆ ಇರುಸುಮುರುಸಾಯಿತು. ತಿಳಿದದ್ದನ್ನು ಮುಚ್ಚಿಡಬಾರದು, ತೆರೆದಿಟ್ಟಷ್ಟೂ ಒಳ್ಳೆಯದು ಎಂಬ ತಮ್ಮ ಭಾಷಣದ ನಾಲ್ಕನೇ ಪ್ಯಾರಾ ಅವರ ತುದಿನಾಲಿಗೆಯಲ್ಲೇ ಇತ್ತು. ಅವಳು ಅದಕ್ಕೆ ಎಡೆ ಕೊಡಲಿಲ್ಲ.

"ಬೀಗ ಹಾಕುದ್ ತಪ್ಪಲ್ಲ ಮಾಷ್ಟ್ರೆ. ನಮ್ಮನಿ ಬೀಗದ್ ಕೈ ಬೆಂಗ್ಳೂರಲ್ಲ್ ಇಪ್ಪುದ್ ತಪ್ಪ್."

ಮಾಷ್ಟ್ರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಅದನ್ನು ಬರೆದುಕೊಂಡರು. ಆಮೇಲೆ ಬ್ರಹ್ಮಾವರದ ಒಂದು ಸಭೆಯಲ್ಲಿ ಅದನ್ನು ತಮ್ಮದೇ ಮಾತೆಂಬಂತೆ ಹೇಳಿ ಚಪ್ಪಾಳೆ ಗಿಟ್ಟಿಸಿದರೆಂದು ಸುದ್ದಿ. ಮಾತಿಗೆ ಬೀಗ ಇಲ್ಲವಲ್ಲ, ಹೋಗಲಿ ಎಂದು ಜಲಜ ಬಿಟ್ಟಳು.

ಮೂರು ದಿನ ಕೂತು ಒತ್ತು ಕೊಂಬುಗಳನ್ನೆಲ್ಲ ಅವುಗಳ ಜಾಗಕ್ಕೆ ಕೂರಿಸಿದಳು. ಶುಕ್ರವಾರ ದೂರಿಗೆ ಉತ್ತರವೂ ಬಂತು. ಬರೆದವರ ಹೆಸರು ಮಾಷ್ಟ್ರ ನಾಲಿಗೆಗೂ ಹೊರಳಲಿಲ್ಲ. ಹತ್ತೊಂಬತ್ತರಲ್ಲಿ ಏಳನ್ನು ಸರಿಪಡಿಸುತ್ತೇವೆ, ಪ್ರಿಂಟಿನ ತೊಂದರೆ ನಮಗೆ ಗೊತ್ತೇ ಇರಲಿಲ್ಲ, ಏಕೆಂದರೆ ನಮ್ಮಲ್ಲಿ ಯಾರೂ ಪ್ರಿಂಟು ತೆಗೆಯುವುದಿಲ್ಲ ಎಂದಿತ್ತು. ಜಲಜ ಬಿದ್ದು ಬಿದ್ದು ನಕ್ಕಳು. ಉಳಿದ ಹನ್ನೆರಡರ ಗತಿ ಏನೆಂದು ಕೇಳಿ ಮತ್ತೆ ಬರೆಯಿರಿ ಎಂದು ಮಾಷ್ಟ್ರಿಗೆ ಹೇಳಿದಳು.

ನೂಲಹುಣ್ಣಿಮೆಯ ದಿನ ಕಡಲಿಗೆ ಹಾಲು ಎರೆದು, ಕಾಯಿ ಬಿಟ್ಟ ಮೇಲೆ ಪುಸ್ತಕ ಹಂಚಿದರು. ಇದನ್ನು ಯಾರು ಬೇಕಾದರೂ ನಕಲು ಮಾಡಿ, ಹಂಚಿ, ಹೊಸ ಕಲ್ಲು ಕಂಡರೆ ಸೇರಿಸಿ ಎಂದು ಹಿಂದಿನ ರಟ್ಟಿನ ಮೇಲೆ ಅಚ್ಚಾಗಿತ್ತು. ಚಂದಯ್ಯ ಮುಖಪುಟ ನೋಡಲಿಲ್ಲ, ನೇರ ಕೊನೆಯ ಪುಟ ತೆಗೆದ. ಒಮ್ಮೆ ನೋಡಿದ, ತಿರುಗಿಸಿ ನೋಡಿದ, ಕನ್ನಡಕ ಒರೆಸಿ ನೋಡಿದ.

"ಮೂವತ್ತೊಂದೇ?" ಎಂದು ಕೇಳಿದ.

"ಕಲ್ ಇಪ್ಪುದ್ ಮೂವತ್ತೊಂದೇ, ಚಿಕ್ಕಯ್ಯ" ಎಂದಳು ಜಲಜ.

ಚಂದಯ್ಯ ಅವಳ ಮುಖವನ್ನೇ ನೋಡಿದ. ಆಮೇಲೆ ತಲೆ ಅಲ್ಲಾಡಿಸುತ್ತ, ಅಂತೂ ಕೊರಗ ಮಗಳಿಗೆ ಮಾತ್ರ ಹೇಳಿ ಹೋಗಿದ್ದಾನೆ ಎಂದು ನಕ್ಕ. ಹೌದು ಎಂದಳು ಜಲಜ. ಅದು ನಿಜವೇ ಆಗಿತ್ತು.

ಎರಡು ದಿನ ಕಳೆದು, ಸಂಜೆ ಬೋಟುಗಳು ಹಿಂದಿರುಗುವ ಹೊತ್ತಿಗೆ ಅವಳು ಅಂಗಡಿ ಬಾಗಿಲಿಗೆ ಬಂದಳು. ಅಳಿವೆಯ ಆಚೆ, ತೆಂಕಕ್ಕೆ, ಒಂದು ದೋಣಿ ನಿಂತಿತ್ತು. ಹಸಿರು ಪಟ್ಟೆಯ ದೋಣಿ, ಚಂದಯ್ಯನದು. ಬಲೆ ನೀರಿನಲ್ಲಿತ್ತು. ಟ್ಯಾಂಕಿಯಿಂದ ತನ್ನ ಬೋರ್ಡಿಗೆ, ಬೋರ್ಡಿನಿಂದ ದೋಣಿಗೆ ಕಣ್ಣಿನಲ್ಲೇ ಗೆರೆ ಎಳೆದು ನೋಡಿದಳು. ಅದೇ ಜಾಗ. ಜಲಜ ಮೆಟ್ಟಿಲಿಳಿದು ಬೋರ್ಡಿನ ಕೆಳಗೆ, ಅಲ್ಲಿಂದ ಕಾಣುವ ಹಾಗೆ ನಿಂತು, ಸೆರಗು ಹಿಡಿದು ಬೀಸಿದಳು. ಬಲೆಯಲ್ಲಿ ಕೆಸರು ಬಿಟ್ಟರೆ ಬೇರೇನೂ ಇಲ್ಲದ ಚಂದಯ್ಯ, ಯಾರಿಗೆ, ಯಾಕೆ ಎಂದು ತಿಳಿಯದೆ, ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ತಾನೂ ಬೀಸಿದ.